ಗೂಡಿನ ಮೇಲೆ ಕಟ್ಟಿದ ನೆರಳು

"ಕೈ ತೆಗೀರಿ ಅಲ್ಲಿಂದ."

ಅವಳು ಕೂಗಲಿಲ್ಲ. ಗೂಡಿನ ಹತ್ತಿರ ದನಿ ಏರಿಸಬಾರದು ಎಂದು ಊರಿನ ಹಕ್ಕಿ ನೋಡುವ ಬಳಗದವರಿಗೆಲ್ಲ ಪಾಠ ಹೇಳುತ್ತಿದ್ದವಳೇ ಅವಳು. ಆದರೂ ಆ ಪಿಸುಮಾತಿನಲ್ಲಿದ್ದ ಸಿಟ್ಟಿಗೆ, ಪೊದೆಯ ಪಕ್ಕ ತುದಿಗಾಲಲ್ಲಿ ನಿಂತಿದ್ದ ಆ ಮನುಷ್ಯ ಬೆಚ್ಚಿಬಿದ್ದ.

ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಆಚೆ ದಡದ ಮರಗಳ ಸಂದಿಯಿಂದ ಸೂರ್ಯ ಆಗಷ್ಟೇ ಇಣುಕುತ್ತಿದ್ದ. ಆ ಓರೆ ಬೆಳಕಿನಲ್ಲಿ ಅವಳಿಗೆ ಎಲ್ಲವೂ ಒಂದೇ ನೋಟಕ್ಕೆ ಕಂಡಿತು. ಅವನ ಎತ್ತಿದ ಕೈಯಲ್ಲಿ ಬಾಗಿಸಿ ಹಿಡಿದ ಕೊಂಬೆ. ಹಲ್ಲಿನಲ್ಲಿ ಕಚ್ಚಿಕೊಂಡ ಹಸಿರು ದಾರ. ಕಾಲ ಬಳಿ ಕತ್ತರಿಸಿ ಬಿದ್ದ ಎಲೆಗೊಂಚಲುಗಳು... ಇನ್ನೂ ಬಾಡಿರಲಿಲ್ಲ. ಶರ್ಟಿನ ಜೇಬಿನಿಂದ ಗಿಡ ಸವರುವ ಕತ್ತರಿಯ ಹಿಡಿ ಹೊರಗೆ ಚಾಚಿತ್ತು.

ನಿನ್ನೆಯವರೆಗೆ ಎಲೆಗಳ ಮರೆಯಲ್ಲಿ ಅಡಗಿದ್ದ ಗೂಡು ಈಗ ಹೆಚ್ಚುಕಡಿಮೆ ಬಟಾಬಯಲಿನಲ್ಲಿತ್ತು.

ಟೀ ಕಪ್ಪಿನಷ್ಟೇ ದೊಡ್ಡದಾದ, ಜೇಡರ ಬಲೆ ಮೆತ್ತಿ ಹೆಣೆದ ಗೂಡು. ಅದರೊಳಗೆ ಬಾಲದಂಡೆ ಹಕ್ಕಿಯ ಮರಿಗಳು. ಕಣ್ಣು ಕೂಡ ಬಿಟ್ಟಿರಲಿಲ್ಲ.

ಅವನು ದಾರವನ್ನು ಬಾಯಿಂದ ತೆಗೆದ. "ನೋಡಿ, ಇದು ನೀವು ಅಂದುಕೊಂಡ ಹಾಗೆ..."

"ಫೋಟೋಗೆ ಎಲೆ ಅಡ್ಡ ಬಂತಾ? ಒಂದಷ್ಟು ಕತ್ತರಿಸಿದ್ರಿ, ಉಳಿದದ್ದನ್ನ ದಾರ ಕಟ್ಟಿ ಪಕ್ಕಕ್ಕೆ ಎಳೀತಿದ್ದೀರಿ. ಬಿಸಿಲು ಏರಿದ್ರೆ ಆ ಮರಿಗಳ ಗತಿ ಏನು? ಕಾಗೆ ಕಣ್ಣಿಗೆ ಬಿದ್ರೆ? ಇದೆಲ್ಲ ನಿಮಗೆ ಗೊತ್ತಾಗೋದೇ ಇಲ್ವಾ?"

"ಗೊತ್ತು. ಅದಕ್ಕೇ..."

ಅವನ ಮಾತು ಅಲ್ಲಿಗೇ ನಿಂತಿತು. ದೃಷ್ಟಿ ಅವಳ ಭುಜದಾಚೆಗೆ ಹೋಯಿತು. ಅವಳೂ ತಿರುಗಿ ನೋಡಿದಳು. ಕಾಲುದಾರಿಯಲ್ಲಿ ಅವಳ ಸೋದರಮಾವ ಬರುತ್ತಿದ್ದರು. ಕ್ಯಾಮೆರಾ ಕುತ್ತಿಗೆಯಲ್ಲಿ ತೂಗುತ್ತಿತ್ತು, ಏದುಸಿರು ಬಿಡುತ್ತಿದ್ದರು.

"ಮಾವ, ನೋಡಿ ಇಲ್ಲಿ... ಈ ಮಹಾನುಭಾವರು ಏನು ಮಾಡಿದ್ದಾರೆ ಅಂತ."

ಮಾವ ಗೂಡನ್ನು ನೋಡಿದರು. ಅವನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಹಾಗೇ ಮುಚ್ಚಿಬಿಟ್ಟರು.

ಅವನು ಹಿಡಿದ ಕೊಂಬೆಯನ್ನು ಮೆಲ್ಲಗೆ ಬಿಟ್ಟ. ದಾರದ ಉಂಡೆಯನ್ನು ಪೊದೆಯ ಮೇಲಿಟ್ಟ.

"ಸರಿ. ನಾನು ಹೋಗ್ತೀನಿ. ಉಳಿದ ಕೊಂಬೆಗಳನ್ನ ನೀವೇ ಕಟ್ಟಿ."

ಅಷ್ಟೇ ಹೇಳಿ ಹೊರಟ. ಒಂದು ಸಮರ್ಥನೆಯಿಲ್ಲ, ಒಂದು ಕ್ಷಮೆಯಿಲ್ಲ. 'ಎಂಥ ಕಲ್ಲು ಮನುಷ್ಯ...' ಎಂದುಕೊಂಡು, ಆ ಸಿಟ್ಟಿನಲ್ಲೇ ಬೇರೇನನ್ನೂ ಗಮನಿಸದೆ, ಕೆಳಗೆ ಬಿದ್ದಿದ್ದ ಎಲೆಗೊಂಚಲುಗಳನ್ನು ಅದೇ ದಾರದಿಂದ ಗೂಡಿನ ಮೇಲೆ ಕಟ್ಟಿದಳು.

* * *

ಕೆರೆಯ ಆ ಮೂಲೆ ಅವಳಿಗೆ ಮನೆಯ ಹಿತ್ತಿಲಿದ್ದ ಹಾಗೆ. ಬೆಳಕು ಹರಿಯುವ ಮೊದಲೇ ಬಂದು, ಮಣ್ಣಿನ ಬಣ್ಣದ ಬಟ್ಟೆ ಹೊದ್ದು, ಉದ್ದ ಲೆನ್ಸನ್ನು ಮರಳಿನ ಚೀಲದ ಮೇಲಿಟ್ಟು ಬೋರಲು ಮಲಗಿದರೆ ಮುಗಿಯಿತು. ಇರುವೆ ಕಚ್ಚಿದರೂ ಅಲುಗುವವಳಲ್ಲ. ಬಳಗದವರು ಅವಳಿಗೆ 'ಬಕಪಕ್ಷಿ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಹಕ್ಕಿಯ ಹತ್ತಿರ ನಾವು ಹೋಗಬಾರದು, ಹಕ್ಕಿಯೇ ನಮ್ಮ ಹತ್ತಿರ ಬರಬೇಕು. ಇದು ಮಾವ ಅವಳಿಗೆ ಕಲಿಸಿದ್ದು.

ಬರುತ್ತಿದ್ದವು ಕೂಡ. ಮಿಂಚುಳ್ಳಿಯ ಕೊಕ್ಕಿನ ತುದಿಯಲ್ಲಿ ನಿಂತ ನೀರಹನಿ, ಬೆಳ್ಳಕ್ಕಿಯ ಕಣ್ಣಿನ ಹಳದಿ ಉಂಗುರ... ಅಷ್ಟು ಹತ್ತಿರದ ಚಿತ್ರಗಳನ್ನು ಅವಳು ತೆಗೆದಿದ್ದಳು. ಈ ವರ್ಷ ಬಾಲದಂಡೆ ಹಕ್ಕಿ ಗೂಡು ಕಟ್ಟಿತ್ತು. ಗಂಡು ಹಕ್ಕಿಯ ಮೈ ಅಚ್ಚ ಬಿಳುಪು, ತಲೆ ಕಡುಗಪ್ಪು, ಮೈಗಿಂತ ಉದ್ದದ ಎರಡು ಬಿಳಿ ಗರಿಗಳು ಬಾಲದಲ್ಲಿ. ಎಳೆಬಿಸಿಲು ಆ ಗರಿಗಳ ಮೂಲಕ ಹಾದಾಗ ಅವು ಹಾಲಿನ ಎಳೆಯಂತೆ ಹೊಳೆಯುತ್ತಿದ್ದವು. ಮೊದಲ ದಿನ ಅದನ್ನು ಕಂಡಾಗ ಬಟನ್ ಒತ್ತುವುದನ್ನೇ ಮರೆತು ಕೂತಿದ್ದಳು ಅವಳು.

ಕೆರೆಯಿಂದ ಮರಳಿದ ಮೇಲೆ ಇನ್ನೊಂದು ಲೋಕ. ಮನೆಯ ಕೆಳಗೇ ಮಾವನ ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋಗೆ ಬಿಗಿದುಕೊಂಡು ಕೂರುವವರು, ಅಳುವ ಕೂಸುಗಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ಅವಳನ್ನೂ ಮನೆಗೆ ಕರೆತಂದು ಸಾಕಿದವರು ಮಾವ. ಅವಳ ಕೈಗೆ ಮೊದಲ ಕ್ಯಾಮೆರಾ ಕೊಟ್ಟವರೂ ಅವರೇ.

ಭಾನುವಾರ ಬಳಗದ ಸಭೆಯಲ್ಲಿ ಅವಳು ನಡೆದದ್ದನ್ನೆಲ್ಲ ಹೇಳಿದಳು. ಆಗಲೇ ಗೊತ್ತಾದದ್ದು, ಆ ಮನುಷ್ಯ ಊರಿಗೆ ಹೊಸದಾಗಿ ಬಂದ ಕಣ್ಣಿನ ಡಾಕ್ಟರ್ ಎಂದು. ಬಳಗಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ.

ಬಳಗದ ಹಿರಿಯರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲೂ 'ಹೆಡ್‌ಮಿಸ್ಸು'. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೂಲೆಯಲ್ಲಿ ಕೂತಿದ್ದ ಅವನನ್ನು ಕೇಳಿದರು, "ಕತ್ತರಿಸಿದ್ದು ನೀವೇನಪ್ಪ?"

"ಇಲ್ಲ."

"ಹಾಗಾದ್ರೆ ಯಾರು?"

"ಅದನ್ನ ಕೇಳಬೇಡಿ, ಮಿಸ್. ನಾನು ಹೇಳೋ ಹಾಗಿಲ್ಲ."

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಮಾವ ಆ ದಿನ ತಲೆನೋವೆಂದು ಸಭೆಗೆ ಬಂದಿರಲಿಲ್ಲ.

"ಮರಿಗಳು ಹಾರೋವರೆಗೆ ನೀವು ಗೂಡಿನ ದಾರೀಲಿ ಕಾಲಿಡಬಾರದು," ಎಂದರು ಹೆಡ್‌ಮಿಸ್ಸು.

"ಸರಿ." ಅವನು ಎದ್ದು ನಿಂತ. ಹೊರಡುವ ಮೊದಲು ಅವಳ ಕುರ್ಚಿಯ ಬಳಿ ಬಂದು ಬಗ್ಗಿದ. "ಕಟ್ಟಿದ ಕೊಂಬೆಗಳ ಎಲೆ ಒಣಗುತ್ತೆ. ಒಣಗಿದ್ರೆ ಬದಲಾಯಿಸ್ತೀರಲ್ವಾ? ಮಧ್ಯಾಹ್ನದ ಹೊತ್ತಿಗೆ ಬಿಸಿಲು ನೇರ ಬೀಳುತ್ತೆ."

'ಎಷ್ಟು ಧೈರ್ಯ ಇವನಿಗೆ...' ಎಂದು ಹಲ್ಲು ಕಚ್ಚಿದಳು. ಆದರೂ ಮರುದಿನ ಮಧ್ಯಾಹ್ನ ಸ್ಟುಡಿಯೋ ಬಾಗಿಲು ಎಳೆದುಕೊಂಡು ಕೆರೆಗೆ ಹೋದಳು.

ಎಲೆಗಳು ನಿಜಕ್ಕೂ ಒಣಗಿ ಸುರುಟಿಕೊಂಡಿದ್ದವು. ಗೂಡಿನ ಅಂಚಿನಲ್ಲಿ ಹೆಣ್ಣು ಹಕ್ಕಿ ಬಾಯಿ ತೆರೆದು, ಎರಡೂ ರೆಕ್ಕೆ ಅರೆಬಿಚ್ಚಿ, ಮರಿಗಳಿಗೆ ತಾನೇ ಕೊಡೆಯಾಗಿ ನಿಂತಿತ್ತು. ಹಕ್ಕಿ ನೀರು ಕುಡಿಯಲು ಇಳಿದ ಸಮಯ ನೋಡಿ, ಹೊಸ ಸೊಪ್ಪಿನ ಕೊಂಬೆ ಕಟ್ಟಲು ಕೈ ಎತ್ತಿದಳು.

ಆಗ ಕಂಡವು ಆ ಗಂಟುಗಳು.

ಅವಳು ಕಟ್ಟಿದ್ದು ದೊಡ್ಡ ದೊಡ್ಡ ಒರಟು ಗಂಟು. ಅವಳಿಗಿಂತ ಮೊದಲು ಅವನು ಕಟ್ಟಿದ್ದವು ಎರಡು, ಪುಟ್ಟವು, ಹೊಲಿಗೆಯಷ್ಟು ನಯವಾದವು. ಅವೆರಡೂ ದಟ್ಟ ಎಲೆಯ ಕೊಂಬೆಗಳನ್ನು ಗೂಡಿನ ನೆತ್ತಿಯ ಮೇಲಕ್ಕೇ ತಂದು ಹಿಡಿದಿದ್ದವು.

ಪಕ್ಕಕ್ಕೆ ಎಳೆಯಬೇಕೆಂದವನು ನೆತ್ತಿಯ ಮೇಲೇಕೆ ಕಟ್ಟುತ್ತಾನೆ?

ಅವಳ ಕೈ ಅಲ್ಲೇ ನಿಂತಿತು. 'ಅಯ್ಯೋ... ಅವನು ನೆರಳು ಕಟ್ಟುತ್ತಿದ್ದ. ನಾನು ಅವನನ್ನ ನಾಲ್ಕು ಜನರ ಮುಂದೆ ನಿಲ್ಲಿಸಿದೆ.'

* * *

ಮಾರನೆಯ ಬೆಳಿಗ್ಗೆ ಕೆರೆಯ ಬೇಲಿಯಾಚೆ, ರಸ್ತೆಯ ಬದಿಯಲ್ಲಿ ಅವನು ನಿಂತಿದ್ದ. ಕೊಟ್ಟ ಮಾತಿನಂತೆ ಒಳಗೆ ಕಾಲಿಟ್ಟಿರಲಿಲ್ಲ. ಕಣ್ಣಿಗೆ ದುರ್ಬೀನು.

ಅವಳು ಬೇಲಿಯ ತನಕ ಹೋದಳು.

ಅವನೇ ಕೇಳಿದ. "ಮರಿಗಳು ಹೇಗಿವೆ?"

"ಕಣ್ಣು ಬಿಟ್ಟಿವೆ."

ಅವನ ಮುಖ ಅರಳಿದ ರೀತಿ ನೋಡಿ ಅವಳಿಗೆ ನಗು ಬಂತು. ದಿನವಿಡೀ ಕಣ್ಣು ನೋಡುವವನು, ಆ ಪುಟ್ಟ ಕಣ್ಣುಗಳ ಸುದ್ದಿಗೆ ಇಷ್ಟು ಹಿಗ್ಗುತ್ತಾನಲ್ಲ...

"ಡಾಕ್ಟ್ರೇ, ನಿಮ್ಮ ಗಂಟು ನೋಡಿದೆ. ನೀವು ನೆರಳು ಮಾಡ್ತಿದ್ರಿ. ನಾನು ತಪ್ಪು ತಿಳ್ಕೊಂಡೆ."

"ಪರವಾಗಿಲ್ಲ."

"ಪರವಾಗಿದೆ. ಕತ್ತರಿಸಿದ್ದು ಯಾರು ಹೇಳಿ. ಬಳಗದಲ್ಲಿ ನಾನೇ ಹೇಳ್ತೀನಿ."

ಅವನು ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ."

ಬೇರೆ ಏನಾದರೂ ಕೇಳುವುದು ದಿನಚರಿಯಾಯಿತು. ಬೇಲಿಯ ಈಚೆ ಅವಳು, ಆಚೆ ಅವನು. ಅವನು ತೆಗೆದ ಫೋಟೋಗಳನ್ನು ತೋರಿಸುತ್ತಿದ್ದ. ಒಂದರಲ್ಲಿ ಬರೀ ಬಾಲ, ಇನ್ನೊಂದರಲ್ಲಿ ಹಕ್ಕಿ ಹಾರಿಹೋದ ಖಾಲಿ ಕೊಂಬೆ.

"ಇದು ಯಾವ ಹಕ್ಕಿ?"

"ಇಲ್ಲಿತ್ತು," ಎಂದು ಅವನು ಖಾಲಿ ಜಾಗ ತೋರಿಸುತ್ತಿದ್ದ. ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಅವಳ ಫೋಟೋಗಳನ್ನು ಅವನು ನೋಡುತ್ತಿದ್ದ ರೀತಿಯೇ ಬೇರೆ. ಜನ 'ಚೆನ್ನಾಗಿದೆ' ಎಂದು ಮುಂದಿನದಕ್ಕೆ ಹೋಗುತ್ತಾರೆ. ಅವನು ಒಂದೊಂದರ ಮುಂದೆಯೂ ತಂಗುತ್ತಿದ್ದ. "ಈ ಕಣ್ಣಲ್ಲಿ ನೀವು ಕಾಣ್ತಿಲ್ಲ, ಗಮನಿಸಿದ್ದೀರಾ? ಬರೀ ಆಕಾಶ ಇದೆ, ಕೆರೆ ಇದೆ. ಇಷ್ಟು ಹತ್ತಿರ ಇದ್ದೂ ಅದರ ಲೋಕದಲ್ಲಿ ನೀವು ಎಲ್ಲೂ ಇಲ್ಲ. ಹೇಗೆ ಸಾಧ್ಯ ಇದು?"

ಆ ದಿನ ಸ್ಟುಡಿಯೋದಲ್ಲಿ ಅವಳು ಒಬ್ಬರ ಫೋಟೋವನ್ನು ಇನ್ನೊಬ್ಬರ ಲಕೋಟೆಗೆ ಹಾಕಿಬಿಟ್ಟಳು.

"ಬೆಳಿಗ್ಗೆ ಕೆರೆ, ಮಧ್ಯಾಹ್ನ ಕೆರೆ. ಮರಿಗಳಿಗೆ ಊಟ ಕೊಡೋದು ಹಕ್ಕಿನೋ ನೀನೋ?" ಎಂದರು ಅಮ್ಮ. ಅವಳು ಕೆಂಪಾಗಿ ತಲೆ ತಗ್ಗಿಸಿದಳು.

ಆದರೆ ಒಂದು ಮುಳ್ಳು ಮಾತ್ರ ಒಳಗೆ ಉಳಿದಿತ್ತು. ತನ್ನ ಹೆಸರು ಕೆಟ್ಟರೂ ಸರಿ ಎಂದು ಅವನು ಕಾಪಾಡುತ್ತಿರುವುದು ಯಾರನ್ನ? ಅಷ್ಟು ಬೇಕಾದವರು ಯಾರು? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾರಾದ್ರೂ... ಹುಡುಗಿನಾ?"

ಅವನು ಕಕ್ಕಾಬಿಕ್ಕಿಯಾದ. ಆಮೇಲೆ ನಕ್ಕ. "ಅಲ್ಲ."

"ನಗಬೇಡಿ. ನನ್ನ ಹತ್ತಿರ ಹೇಳಕ್ಕಾಗದ್ದು ಏನಿದೆ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಅವನ ನಗು ಆರಿತು. "ನಿಮ್ಮ ಮೇಲೆ ನಂಬಿಕೆ ಇದೆ. ಆದ್ರೆ ಅದು ನನ್ನ ಗುಟ್ಟಲ್ಲ. ನನ್ನದಲ್ಲದ್ದನ್ನ ನಿಮಗೂ ಕೊಡಕ್ಕಾಗಲ್ಲ."

"ಹಾಗಾದ್ರೆ ಇಟ್ಕೊಳ್ಳಿ." ತಿರುಗಿ ನಡೆದುಬಿಟ್ಟಳು. ಮರುದಿನದಿಂದ ಬೇಲಿಯ ಬಳಿ ಹೋಗಲಿಲ್ಲ. ಬಟ್ಟೆಯ ಮರೆಯೊಳಗೆ ಮಲಗಿ, ಕಣ್ಣೀರಿಗೆ ಎಲ್ಲ ಮಬ್ಬಾದರೆ, ಲೆನ್ಸೇ ಮಬ್ಬಾಗಿದೆಯೆಂದು ಒರೆಸಿದ್ದೇ ಒರೆಸಿದ್ದು.

* * *

ಸತ್ಯ ಅವಳಿಗೆ ಸಿಕ್ಕಿದ್ದು ಅದೇ ಲೆನ್ಸಿನಲ್ಲಿ.

ಆ ಬೆಳಿಗ್ಗೆ ಆಚೆ ದಡದ ಬೇಲಿಗಿಡದಲ್ಲಿ ಪಿಕಳಾರದ ಜೋಡಿಯೊಂದು ಗೂಡಿಗೆ ನಾರು ಸಾಗಿಸುವುದನ್ನು ನೋಡುತ್ತಿದ್ದಳು. ಎಲೆಗಳು ಅಲುಗಿದವು. ಹಕ್ಕಿಗಳು ಗಾಬರಿಯಿಂದ ಎದ್ದುಹೋದವು. ಒಂದು ಕೈ ಒಳಗೆ ಬಂತು. ಎಲೆಗಳನ್ನು ತಡಕಾಡಿತು... ಕುರುಡರು ಗೋಡೆ ತಡವುವ ಹಾಗೆ. ಇನ್ನೊಂದು ಕೈಯಲ್ಲಿ ಹೊಸ ಕತ್ತರಿ.

ಆ ಕೈ ಅವಳಿಗೆ ಗೊತ್ತಿತ್ತು. ಹೆಬ್ಬೆರಳಿನ ಮೇಲಿನ ಆ ಸುಟ್ಟ ಕಲೆಯನ್ನು ನೋಡುತ್ತಲೇ ಬೆಳೆದವಳು ಅವಳು.

ಲೆನ್ಸನ್ನು ಅಲ್ಲೇ ಬಿಟ್ಟು, ಕೆರೆಯ ಏರಿಯ ಮೇಲೆ ಓಡಿದಳು.

"ಮಾವ."

ಮಾವನ ಕೈಯಿಂದ ಕತ್ತರಿ ಜಾರಿ ಹುಲ್ಲಿನಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದರು. ಕತ್ತರಿ ಅವರ ಪಾದದ ಪಕ್ಕದಲ್ಲೇ ಇತ್ತು, ಅವರ ಬೆರಳು ಮಾತ್ರ ಬೇರೆಲ್ಲೋ ಹುಡುಕುತ್ತಿತ್ತು.

ಅವಳಿಗೆ ಬೈಯಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತು. "ಮಾವ... ನಿಮಗೆ ಕಾಣ್ತಿಲ್ವಾ?"

ಮಾವ ಏರಿಯ ಮೇಲೆ ಕುಸಿದು ಕೂತರು. "ಬದಿಯೆಲ್ಲ ಕಾಣುತ್ತೆ ಕಣೇ. ನಡುವೆ ಮಾತ್ರ ಒಂದು ಮಸಿ. ಯಾವುದನ್ನ ನೋಡಬೇಕು ಅಂತ ದಿಟ್ಟಿಸ್ತೀನೋ ಅದೇ ಮಾಯ. ಎಲೆ ಯಾವುದು, ಹಕ್ಕಿ ಯಾವುದು ತಿಳಿಯಲ್ಲ. ಎಲೆ ಇಲ್ಲದಿದ್ರೆ ಹಕ್ಕಿನಾದ್ರೂ ಸಿಕ್ಕೀತು ಅಂತ... ಪೂರ್ತಿ ಕತ್ತಲಾಗೋ ಮುಂಚೆ ಒಂದು, ಒಂದೇ ಒಂದು ಒಳ್ಳೆ ಫೋಟೋ ತೆಗೀಬೇಕು ಅನ್ನೋ ಹುಚ್ಚು."

"ಆ ಗೂಡೂ..."

"ನಾನೇ. ಡಾಕ್ಟರು ಬಂದು ಕತ್ತರಿ ಕಿತ್ಕೊಂಡ್ರು. ನನ್ನನ್ನ ಅತ್ತ ಕಳಿಸಿ, ತಾವೇ ಕೊಂಬೆ ಕಟ್ಟಕ್ಕೆ ನಿಂತ್ರು. ಅಷ್ಟರಲ್ಲಿ ನೀನು ಬಂದೆ. ನಿನ್ನ ಮುಖ ನೋಡಿ ನನ್ನ ನಾಲಿಗೆ ಬಿದ್ದುಹೋಯ್ತು." ಮಾವ ಅಂಗೈಯಿಂದ ಮುಖ ಮುಚ್ಚಿಕೊಂಡರು. "ನಾನು ಅವರ ಪೇಷೆಂಟು. ಕಣ್ಣಿನ ವಿಷಯ ಯಾರಿಗೂ ಹೇಳಬೇಡಿ ಅಂತ ಮಾತು ತಗೊಂಡಿದ್ದೆ. 'ಮಗಳ ಹತ್ತಿರ ನೀವೇ ಹೇಳಿ, ಅವಳು ತಡ್ಕೊಳ್ತಾಳೆ' ಅಂತ ಪ್ರತಿ ಸಲ ಅಂತಾರೆ. ನನಗೇ ಧೈರ್ಯ ಬರಲಿಲ್ಲ."

ಅವಳು ಮಾವನನ್ನು ತಬ್ಬಿಕೊಂಡಳು. ತನಗೆ ನೋಡಲು ಕಲಿಸಿದ ಕಣ್ಣುಗಳು... ಇಬ್ಬರೂ ಬಹಳ ಹೊತ್ತು ಅತ್ತರು. ಪಿಕಳಾರಗಳು ನಾರು ಕಚ್ಚಿಕೊಂಡು ಮರಳಿ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

* * *

ಕ್ಲಿನಿಕ್ಕಿನಲ್ಲಿ ಅವಳು ಟೋಕನ್ ತೆಗೆದುಕೊಂಡು ಸಾಲಿನಲ್ಲಿ ಕೂತಳು. ಪಕ್ಕದ ಅಜ್ಜಿಯೊಬ್ಬರು, "ಏನಮ್ಮ, ಕಣ್ಣು ಇಷ್ಟು ಕೆಂಪಾಗಿದೆ, ಧೂಳು ಬಿತ್ತಾ?" ಎಂದು ಕೇಳಿದರು. "ಹೂಂ ಅಜ್ಜಿ, ಬಹಳ ದಿನದಿಂದ ಇತ್ತು. ಈಗ ಹೋಯ್ತು," ಎಂದಳು.

ಒಳಗೆ ಹೋದಾಗ ಅವನು ತಲೆ ಎತ್ತಿದ.

"ಏನು ತೊಂದರೆ?" ಎಂದ, ಡಾಕ್ಟರ್ ದನಿಯಲ್ಲಿ.

"ಕಣ್ಣೆದುರಿಗೆ ಇದ್ದದ್ದು ಕಾಣಲಿಲ್ಲ."

ಅವನು ಯಂತ್ರದ ಕಡೆ ಕೈ ತೋರಿಸಿದ. "ಗದ್ದ ಇಲ್ಲಿಡಿ. ಹಣೆ ತಾಗಿಸಿ."

ಅವಳು ಗದ್ದ ಇಟ್ಟಳು. ಸಣ್ಣ ಬೆಳಕೊಂದು ಕಣ್ಣೊಳಗೆ ಬಂತು. ಅದರಾಚೆ, ಗೇಣು ದೂರದಲ್ಲಿ, ಅವನ ಉಸಿರು.

"ಮಾವ ಎಲ್ಲ ಹೇಳಿದ್ರು," ಎಂದಳು. ಗದ್ದ ಆ ಪಟ್ಟಿಯ ಮೇಲಿದ್ದರಿಂದ ಮಾತು ಹಲ್ಲಿನ ಸಂದಿಯಿಂದ ಬಂತು. "ಕ್ಷಮಿಸಿ ಅಂತ ಕೇಳಕ್ಕೆ ಬಂದೆ. ನಿಮ್ಮನ್ನ ಕಲ್ಲು ಅಂದ್ಕೊಂಡಿದ್ದೆ."

"ಮಾತಾಡಬೇಡಿ, ತಲೆ ಅಲುಗುತ್ತೆ."

"ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು. ಎಲ್ಲರೂ ನಿಮ್ಮನ್ನ ಬೈದ್ರು, ಸುಮ್ಮನಿದ್ರಿ. ನಾನು ಜಗಳ ಆಡಿ ಹೋದೆ, ಆಗಲೂ..."

"ಅವತ್ತು ಮಾತ್ರ ಕಷ್ಟ ಆಯ್ತು," ಎಂದ ಅವನು ಮೆಲ್ಲಗೆ. ಬೆಳಕು ಆರಿಸಿದ. "ಅವತ್ತು ರೋಗಿಗಳಿಗೆಲ್ಲ ಎಡಗಣ್ಣು ಮುಚ್ಚಿ ಅಂದು ಬಲಗಣ್ಣಿನ ಚೀಟಿ ಬರೀತಿದ್ದೆನಂತೆ. ನರ್ಸ್ ತಪ್ಪು ಹಿಡಿದ್ರು."

ಅವಳು ಅತ್ತುಕೊಂಡೇ ನಕ್ಕಳು.

"ಕಣ್ಣು ಚೆನ್ನಾಗಿದೆ," ಎಂದ ಅವನು. "ಬಹಳ ಚೆನ್ನಾಗಿದೆ." ಆಮೇಲೆ ತಾನು ಏನು ಹೇಳಿದೆನೆಂದು ಅರಿವಾಗಿ, ಸುಮ್ಮನೆ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ.

ಮುಂದಿನ ಸಭೆಯಲ್ಲಿ ಮಾವ ತಾವೇ ಎದ್ದು ನಿಂತರು. ಯಾರ ಬಲವಂತವೂ ಇರಲಿಲ್ಲ. ಕತ್ತರಿಸಿದ್ದು ತಾವೆಂದರು, ಕಣ್ಣಿನ ಕಥೆ ಹೇಳಿದರು, ಡಾಕ್ಟರರ ಕೈ ಹಿಡಿದರು. ಹೆಡ್‌ಮಿಸ್ಸು ಕನ್ನಡಕ ತೆಗೆದು ಒರೆಸಿಕೊಂಡರು. "ಇಬ್ಬರೂ ನಾಳೆಯಿಂದ ಗೂಡಿನ ದಾರಿಗೆ ಬನ್ನಿ. ಕತ್ತರಿ ಮಾತ್ರ ನನ್ನ ಹತ್ತಿರ ಇರಲಿ."

* * *

ಮರಿಗಳು ಗೂಡು ಬಿಡುವ ಬೆಳಿಗ್ಗೆ ಮೂವರೂ ಅಲ್ಲಿದ್ದರು.

ಬಟ್ಟೆಯ ಮರೆಯ ಹಿಂದೆ ಮಾವ ನಡುವೆ, ಅವಳು ಒಂದು ಪಕ್ಕ, ಅವನು ಇನ್ನೊಂದು ಪಕ್ಕ. ಕೆರೆಯ ಮೇಲಿಂದ ಬಿಸಿಲು ಕೋಲು ಕೋಲಾಗಿ ಬರುತ್ತಿತ್ತು. ಮೊದಲ ಮರಿ ಆಗಲೇ ಗೂಡಿನ ಅಂಚಿಗೆ ಹತ್ತಿ, ಬೀಳುವೆನೋ ಏನೋ ಎಂಬಂತೆ ತೂಗಾಡುತ್ತಿತ್ತು.

"ಗೂಡನ್ನ ನೋಡಬೇಡಿ," ಎಂದು ಅವನು ಮಾವನ ಕಿವಿಯಲ್ಲಿ ಹೇಳಿದ. "ಕ್ಲಿನಿಕ್‌ನಲ್ಲಿ ಅಭ್ಯಾಸ ಮಾಡಿದ್ವಲ್ಲ, ಹಾಗೆ. ಎಡಗಡೆ ಬಿದಿರು ಇದೆ ನೋಡಿ, ಅದರ ಮೇಲೆ ಕಣ್ಣಿಡಿ. ಹಕ್ಕಿ ತಾನಾಗೇ ಬದಿಗೆ ಬರುತ್ತೆ."

ಮಾವ ಬಿದಿರನ್ನು ನೋಡುತ್ತ ಕೂತರು. ಗಂಡು ಹಕ್ಕಿ ಬಂತು. ಬಾಲದ ಬಿಳಿ ಗರಿಗಳು ಗಾಳಿಯಲ್ಲಿ ಅಲೆಯಂತೆ ಬಂದು, ಗೂಡಿನ ಪಕ್ಕದ ಕೊಂಬೆಯ ಮೇಲೆ ಇಳಿದವು. ಬಿಸಿಲು ಅವುಗಳ ಮೂಲಕ ಹಾಯಿತು.

"ಬಂತು," ಎಂದರು ಮಾವ. "ಬಿಳಿ... ಉದ್ದ... ಕಾಣ್ತಿದೆ ಕಣೇ. ಪೂರ್ತಿ ಕಾಣ್ತಿದೆ."

ಅವರು ಕ್ಯಾಮೆರಾ ಎತ್ತಲಿಲ್ಲ. ಹಾಗೇ ನೋಡುತ್ತ ಕೂತರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಅವಳೂ ಬಟನ್ ಒತ್ತಲಿಲ್ಲ. ಹಕ್ಕಿಯನ್ನೂ ನೋಡಲಿಲ್ಲ. ಮಾವನ ಭುಜಕ್ಕೆ ಆಸರೆಯಾಗಿ ಕೈಯಿಟ್ಟು, ಉಸಿರು ಬಿಗಿಹಿಡಿದು ಕೂತ ಆ ಮನುಷ್ಯನನ್ನೇ ನೋಡುತ್ತಿದ್ದಳು. ಬೈದರೂ ಬಾಯಿಬಿಡದೆ, ದೂರವಿಟ್ಟರೂ ಬೇಲಿಯಾಚೆ ನಿಂತು ಮರಿಗಳನ್ನು ವಿಚಾರಿಸಿದವನು. ಇಂಥವನೊಬ್ಬ ಇದ್ದಾನೆಂದು ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ.

ಮರಿ ಹಾರಿತು. ಹಾರಿತು ಎನ್ನುವುದಕ್ಕಿಂತ ಬಿದ್ದು, ಅರ್ಧದಾರಿಯಲ್ಲಿ ಹಾರುವುದನ್ನು ಕಲಿತು, ಪಕ್ಕದ ಪೊದೆಗೆ ಅಂಟಿಕೊಂಡಿತು. ಅಪ್ಪ ಹಕ್ಕಿ ಹುಳ ಕಚ್ಚಿಕೊಂಡು ಹಿಂದೆಯೇ ಹೋಯಿತು.

ಮಾವ ಮೂಗೊರೆಸಿಕೊಂಡು ಎದ್ದರು. "ನಾನು ಏರಿ ಮೇಲೆ ಒಂದು ಸುತ್ತು ಹಾಕಿ ಬರ್ತೀನಿ. ನಡೆಯಕ್ಕೆ ಕಣ್ಣು ಸಾಕು. ನೀವಿಬ್ಬರೂ ನಿಧಾನಕ್ಕೆ ಬನ್ನಿ, ಅವಸರ ಏನಿಲ್ಲ."

ಅವರ ಹೆಜ್ಜೆ ದೂರವಾಯಿತು. ಹುಲ್ಲಿನ ಮೇಲೆ ಇಬ್ಬರೇ ಉಳಿದರು.

"ಒಂದು ಮಾತು ಹೇಳಬೇಕಿತ್ತು," ಎಂದ ಅವನು. "ಎಷ್ಟು ದಿನದಿಂದ ಹೇಳಬೇಕು ಅಂತಿದ್ದೀನಿ. ಬೆಳಿಗ್ಗೆ ಆಗುತ್ತೆ, ನಿಮ್ಮನ್ನ ನೋಡ್ತೀನಿ, ಮರೆತುಹೋಗುತ್ತೆ."

"ಈಗ ನೆನಪಿದೆಯಾ?"

"ಇದೆ. ಆದ್ರೆ ಭಯ ಆಗ್ತಿದೆ."

ಅವಳು ಅವನ ಕೈ ಹಿಡಿದಳು. ಅಷ್ಟು ನಯವಾಗಿ ಗಂಟು ಹಾಕುವ ಬೆರಳುಗಳ ನಡುವೆ ಹುಲ್ಲಿನ ಎಳೆಯೊಂದು ಸಿಕ್ಕು ಸಿಕ್ಕಾಗಿತ್ತು. "ಹಾಗಾದ್ರೆ ನಾನೇ ಹೇಳ್ತೀನಿ. ನನಗೆ ನೀವು ಬೇಕು, ಡಾಕ್ಟ್ರೇ. ಬೆಳಿಗ್ಗೆಗಷ್ಟೇ ಅಲ್ಲ. ಇಡೀ ದಿನಕ್ಕೆ. ಎಲ್ಲಾ ದಿನಕ್ಕೆ."

ಅವನು ಅವಳ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಮಾತು ಬೇಕಿರಲಿಲ್ಲ, ಆದರೂ ಅವಳಿಗೆ ಅವನ ಬಾಯಿಂದಲೇ ಕೇಳಬೇಕಿತ್ತು.

"ಉತ್ತರ?"

"ನೀವು ಹೇಳಿದ್ದಕ್ಕೆಲ್ಲ ಹೂಂ."

"ಇನ್ನೂ 'ನೀವು' ಅಂತೀರಲ್ಲ. ನಾನೇನು ನಿಮ್ಮ ಪೇಷೆಂಟಾ?"

"ನೀವೂ 'ಡಾಕ್ಟ್ರೇ' ಅಂತೀರಿ."

"ಸರಿ, ಇಬ್ಬರೂ ಬಿಡೋಣ. ಮೊದಲು ನೀವು ಬಿಡಿ."

ಅವನು ನಾಚಿ ತಲೆ ಅಲ್ಲಾಡಿಸಿದ. "ನನಗಾಗಲ್ಲ. ನೀನೇ ಮೊದಲು ಬಿಡು."

ಅವಳು ನಕ್ಕು ಅವನ ಭುಜಕ್ಕೆ ತಲೆ ಆನಿಸಿದಳು.

"ಬಿಟ್ಟೆ ಕಣೋ," ಎಂದಳು.